ಹಸಿವೇ ತಿಳಿಯದ ಮರಿ

ವಿಚಿತ್ರ ಅನುಭವಗಳನ್ನು ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಸಹನೆ. ಆಫೀಸಿನಲ್ಲಿ ಯಾರಾದರೂ ತಮ್ಮೂರಿನ ಹಾಳು ಬಾವಿಯ ಕಥೆಯನ್ನೋ ಹುಣಸೆಮರದ ಕಥೆಯನ್ನೋ ತೆಗೆದರೆ ನಾನು ಕಾಫಿ ಲೋಟ ಹಿಡಿದು ಎದ್ದು ಹೋಗುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನಾನು ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಅನ್ನ. ಒಮ್ಮೆ ಕಂಡ ತಪ್ಪನ್ನು ಮತ್ತೆ ಮಾಡಿ ತೋರಿಸಲು ಆಗದಿದ್ದರೆ ಅದು ತಪ್ಪೇ ಅಲ್ಲ ಎನ್ನುವುದು ನಮ್ಮ ಕಸುಬಿನ ನಿಯಮ. ದೆವ್ವಗಳಿಗೂ ನಾನು ಇದೇ ನಿಯಮ ಹಚ್ಚುತ್ತಿದ್ದೆ. ಮತ್ತೊಮ್ಮೆ ಬರಲಿ, ನೋಡೋಣ ಎನ್ನುತ್ತಿದ್ದೆ.

ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ, ನಗುವವರು ನಗಬಹುದು. ಇಂಥ ಕಥೆಗಳಿಗೆ ನಡುರಾತ್ರಿ ಬೇಕು, ಕರೆಂಟು ಹೋಗಿರಬೇಕು, ನಾಯಿ ಊಳಿಡಬೇಕು. ನನ್ನ ಕಥೆಯಲ್ಲಿ ಅದೊಂದೂ ಇಲ್ಲ. ಇದು ನಡೆದದ್ದು ಹಾಡುಹಗಲು, ಊಟದ ಹೊತ್ತಿನಲ್ಲಿ, ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ.

ಆಗ ಮನೆಯಲ್ಲಿ ನಾವು ಮೂವರು. ನಾನು, ನನ್ನ ತಮ್ಮ ಪ್ರಭು, ಅವನ ಹೆಂಡತಿ ಶಿವಲೀಲಾ. ನಾವು ದಾವಣಗೆರೆಯವರು, ಅವಳು ಗದಗಿನ ಕಡೆಯವಳು. ಪ್ರಭು ಹೆಬ್ಬಗೋಡಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್. ನಾನು ಮದುವೆಯ ಗೋಜಿಗೆ ಹೋಗದವಳು, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹಾಲಿನ ಮೂಲೆಯಲ್ಲಿ, ಊಟದ ಮೇಜಿನ ಪಕ್ಕದಲ್ಲೇ, ನನ್ನದೊಂದು ಹಳೆಯ ಕಂಪ್ಯೂಟರ್ ಇತ್ತು. ಅದಕ್ಕೆ ಕ್ಯಾಮೆರಾ ಇರಲಿಲ್ಲ, ಮೈಕೂ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆ ಕಂಪ್ಯೂಟರಿನಲ್ಲಿ ನಾನು ಒಂದು ಹಳೆಯ ಆಟ ಆಡುತ್ತಿದ್ದೆ. ಗೆಲ್ಲುವ ಸೋಲುವ ಆಟ ಅಲ್ಲ, ಸಾಕುವ ಆಟ. ಮೊಟ್ಟೆಯೊಡೆದು ಪುಟ್ಟ ಪ್ರಾಣಿಗಳು ಹುಟ್ಟುತ್ತವೆ. ಅವಕ್ಕೆ ಅಮ್ಮನ ಗುಣ ಸ್ವಲ್ಪ, ಅಪ್ಪನ ಗುಣ ಸ್ವಲ್ಪ ಬರುತ್ತದೆ. ಅವು ತಾವಾಗಿಯೇ ಹಸಿಯುತ್ತವೆ, ತಿನ್ನುತ್ತವೆ, ಮಲಗುತ್ತವೆ, ಮುದಿಯಾಗಿ ಸಾಯುತ್ತವೆ. ಗುಣಗಳನ್ನು ನಕಲು ಮಾಡುವಾಗ ಆಟವೇ ಆಗೊಮ್ಮೆ ಈಗೊಮ್ಮೆ ಬೇಕೆಂದು ಒಂದು ತಪ್ಪು ಮಾಡುತ್ತದೆ. ಅದೇ ಮ್ಯುಟೇಶನ್. ಹೊಸದಾಗಿ ಹುಟ್ಟಿದ ಮರಿಯಲ್ಲಿ ಯಾವ ಜೀನ್ ಬದಲಾಗಿದೆ ಎಂದು ನೋಡಲು ಪಕ್ಕದಲ್ಲೊಂದು ಕಿಟಕಿ ತೆರೆದುಕೊಳ್ಳುತ್ತದೆ. ಹೆಚ್ಚಿನವು ಬಣ್ಣ ತುಸು ಆಚೀಚೆ ಆಗುವಂಥ ಬದಲಾವಣೆಗಳು. ಕೆಲವು ಮಾತ್ರ ಬದುಕಲು ಬಿಡದಂಥವು. ಅಂಥ ಮರಿ ಹುಟ್ಟಿದರೆ ನಾನು ಆಗಲೇ ತೆಗೆದುಬಿಡುತ್ತಿದ್ದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಮೊಟ್ಟೆಯೊಡೆಯುವ ಮುಂಚೆ ಅದರದೊಂದು ನಕಲು ಎತ್ತಿಡುವುದು ನನ್ನ ರೂಢಿ, ಕಸುಬಿನಿಂದ ಅಂಟಿಕೊಂಡದ್ದು.

ಶಿವಲೀಲಾ ಬಸುರಿಯಾದದ್ದು ಆ ಕಾಲದಲ್ಲೇ. ಮೊದಲು ಒಂದು ಸಲ ಬಸಿರು ಇಳಿದು ಹೋಗಿದ್ದರಿಂದ ಎಲ್ಲರಿಗೂ ಜೀವ ಕೈಯಲ್ಲಿತ್ತು. ಸ್ಕ್ಯಾನಿನಲ್ಲಿ ಡಾಕ್ಟರಿಗೆ ಏನೋ ಅನುಮಾನ ಬಂದು, ಗರ್ಭದ ನೀರು ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ವರದಿ ಬರುವುದು ತಡ ಎಂದರು. ಅವತ್ತಿನಿಂದ ಶಿವಲೀಲಾ ಊಟ ಬಿಟ್ಟಳು. ಬೇಕೆಂದು ಬಿಟ್ಟದ್ದಲ್ಲ, ತುತ್ತು ಇಳಿಯುತ್ತಿರಲಿಲ್ಲ. ಪ್ರಭು ಹೆಬ್ಬಗೋಡಿಯ ಖಾನಾವಳಿಯಿಂದ ಅವಳಿಗೆ ಇಷ್ಟವೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರುತ್ತಿದ್ದ. ಅದು ಹಾಗೇ ಒಣಗುತ್ತಿತ್ತು. ಹೊಟ್ಟೆಯಲ್ಲಿರುವ ಕೂಸು ಬೆಳೆಯುತ್ತಿಲ್ಲ ಎಂದು ಡಾಕ್ಟರ್ ಬೈದರು. ನನಗೆ ನಿಜಕ್ಕೂ ಭಯವಾಗಿತ್ತು.

ಬಸುರಿ ಹೆಂಗಸು ಒಬ್ಬಳೇ ಕೂತು ಉಣ್ಣಬಾರದು ಎಂಬುದೊಂದು ಪದ್ಧತಿ ನಮ್ಮ ಮನೆಯಲ್ಲಿದೆ. ಯಾರಾದರೂ ಎದುರಿಗೆ ತಟ್ಟೆ ಇಟ್ಟುಕೊಂಡು ಕೂರಬೇಕು. ದಾವಣಗೆರೆಯಿಂದ ನಮ್ಮಮ್ಮ ದಿನಾ ಫೋನ್ ಮಾಡಿ ಅದನ್ನೇ ಹೇಳುತ್ತಿದ್ದರು. ಆದರೆ ಮಧ್ಯಾಹ್ನ ಪ್ರಭು ಡ್ಯೂಟಿಯಲ್ಲಿ, ನಾನು ರೂಮಿನೊಳಗೆ ಮೀಟಿಂಗಿನಲ್ಲಿ. ನಮ್ಮ ಮೀಟಿಂಗುಗಳನ್ನು ಊಟದ ಹೊತ್ತಿಗೇ ಇಡುವ ಪುಣ್ಯಾತ್ಮರು ಯಾರೋ ಗೊತ್ತಿಲ್ಲ.

ಒಂದು ಭಾನುವಾರ ಆಟದಲ್ಲೊಂದು ಮೊಟ್ಟೆಯೊಡೆಯಿತು. ಹುಟ್ಟಿದ್ದು ಬೂದು ಬಣ್ಣದ ಮರಿ. ಹೊಸ ಮರಿಗಳನ್ನು ನಾನು ಬೇಲಿಯೊಳಗೆ ಒಂಟಿಯಾಗಿಟ್ಟು ನೋಡುತ್ತಿದ್ದೆ. ಪಕ್ಕದ ಕಿಟಕಿಯಲ್ಲಿ ನೋಡಿದರೆ ಈ ಮರಿಯ ಹಸಿವಿನ ಜೀನೇ ಕೆಟ್ಟಿತ್ತು. ಮೈ ಸೊರಗಿದರೂ ಹಸಿವಾಗಿದೆ ಎಂಬ ಸುದ್ದಿ ತಲೆಗೆ ಮುಟ್ಟುವುದಿಲ್ಲ. ಎದುರಿಗೆ ರಾಶಿ ಹಣ್ಣಿದ್ದರೂ ಇಂಥವು ಕೂತಲ್ಲೇ ಸಾಯುತ್ತವೆ. ಅಂಥದ್ದನ್ನು ಹಿಂದೆಯೂ ಕಂಡಿದ್ದೆ. ತೆಗೆದುಹಾಕಲು ಹೊರಟೆ. ಹಿಂದೆ ನಿಂತು ನೋಡುತ್ತಿದ್ದ ಶಿವಲೀಲಾ ಯಾಕೆಂದು ಕೇಳಿದಳು. ಹೇಳಿದೆ.

"ಇರ್ಲಿ ಬಿಡ್ರಿ ಅಕ್ಕಾರ" ಅಂದಳು. "ಹಸಿವಿ ತಿಳ್ಯಂಗಿಲ್ಲ ಅಂದ್ರ ಅದರ ತಪ್ಪೇನೈತಿ? ನನಗೂ ಈಗ ತಿಳಿವಲ್ದು. ನನ್ನೂ ತಗದ ಒಗೀತೀರೇನು?"

ಮೌಸಿನಿಂದ ಕೈ ತೆಗೆದೆ. ಹೇಗೂ ಒಂದು ದಿನದಲ್ಲಿ ತಾನೇ ಸಾಯುತ್ತದೆ, ಇವಳಿಗೆ ಕಾಣದ ಹೊತ್ತಿನಲ್ಲಿ ಸತ್ತರೆ ಸಾಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಮೀಟಿಂಗ್ ಮುಗಿಸಿ ಹಾಲಿಗೆ ಬಂದರೆ ಶಿವಲೀಲಾ ಆ ಕಂಪ್ಯೂಟರಿನ ಎದುರು ಕುರ್ಚಿ ಎಳೆದುಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ಉಣ್ಣುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂತು. ಆಮೇಲೆ ಪರದೆಯ ಕಡೆ ನೋಡಿದೆ. ಬೂದು ಮರಿ ಗಾಜಿನ ಹತ್ತಿರಕ್ಕೆ ಬಂದು, ಹೊರಗೆ ಮುಖ ಮಾಡಿ ನಿಂತು ಹಣ್ಣು ತಿನ್ನುತ್ತಿತ್ತು.

"ಕೂಡಿ ಊಟ ಮಾಡಾಕತ್ತೀವ್ರಿ" ಅಂದಳು ಶಿವಲೀಲಾ, ಪಕ್ಕದ ಮನೆಯವರ ಸುದ್ದಿ ಹೇಳಿದಷ್ಟು ಸಹಜವಾಗಿ.

ಜೀನ್ ಓದುವಾಗ ನಾನೇ ತಪ್ಪಿರಬೇಕು ಎಂದುಕೊಂಡು ಮತ್ತೆ ನೋಡಿದೆ. ತಪ್ಪಿರಲಿಲ್ಲ. ಹಾಗಾದರೆ ಅದು ಹಣ್ಣು ತಿಂದದ್ದು ಆಕಸ್ಮಿಕ. ಅದರ ಮರುದಿನ ಬೇಕೆಂದೇ ಮೀಟಿಂಗಿಗೆ ಚಕ್ಕರ್ ಹಾಕಿ ಹಾಲಿನಲ್ಲೇ ಕೂತೆ. ಬೆಳಗಿನಿಂದ ಮರಿ ಒಂದು ಮೂಲೆಯಲ್ಲಿ ಸುಮ್ಮನಿತ್ತು, ಹಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. ಶಿವಲೀಲಾ ತಟ್ಟೆ ತಂದು ಕೂತಳು. ಮರಿ ಎದ್ದು ಮುಂದೆ ಬಂತು. ಅವಳು ತುತ್ತು ಬಾಯಿಗಿಟ್ಟಳು, ಅದು ಹಣ್ಣು ಎತ್ತಿಕೊಂಡಿತು. ನಡುವೆ ಫೋನ್ ಬಂದು ಅವಳು ಕೈ ತಡೆದಾಗ ಮರಿಯೂ ತಡೆಯಿತು. ಮಾತು ಮುಗಿದು ಅವಳು ಮತ್ತೆ ರೊಟ್ಟಿ ಮುರಿದಾಗ ಅದೂ ತಿನ್ನತೊಡಗಿತು. ಫ್ಯಾನು ತಿರುಗುತ್ತಿತ್ತು, ಹೊಸೂರು ರಸ್ತೆಯ ಬಸ್ಸುಗಳ ಹಾರ್ನು ಕೇಳುತ್ತಿತ್ತು.

ಟೆಸ್ಟರ್ ಸುಮ್ಮನಿರುತ್ತಾಳೆಯೇ? ಆಟದ ಪ್ರಾಣಿಗಳು ಮೌಸಿನ ಗುರುತನ್ನು ನೋಡಿ ಹಿಂಬಾಲಿಸುವುದುಂಟು, ಆದ್ದರಿಂದ ಮೌಸಿನ ವಯರ್ ಕಿತ್ತಿಟ್ಟೆ. ಮರಿ ಎಂದಿನಂತೆ ಉಂಡಿತು. ಶಿವಲೀಲಾಳನ್ನು ಅಡುಗೆಮನೆಯಲ್ಲಿ ಕೂರಿಸಿ ಉಣ್ಣಿಸಿದೆ. ಮರಿ ಮೂಲೆ ಬಿಟ್ಟು ಏಳಲಿಲ್ಲ. ನಾನೇ ತಟ್ಟೆ ಹಿಡಿದು ಎದುರು ಕೂತೆ, ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪರದೆಗೆ ಟವೆಲ್ ಮುಚ್ಚಿ ನೋಡೋಣ ಎಂದುಕೊಂಡೆ, ಆಮೇಲೆ ಒಳಗೇನಾಯಿತೆಂದು ನಾನು ನೋಡುವುದು ಹೇಗೆ ಎಂದು ಹೊಳೆದು ಪೆಚ್ಚಾದೆ. ಎತ್ತಿಟ್ಟ ಮೊಟ್ಟೆಯ ನಕಲನ್ನು ರೂಮಿನ ಲ್ಯಾಪ್‌ಟಾಪಿನಲ್ಲಿ ಒಡೆಸಿದೆ. ಅದೇ ಬೂದು ಮರಿ, ಅದೇ ಕೆಟ್ಟ ಜೀನ್. ಹಣ್ಣಿನ ಪಕ್ಕ ಕೂತಲ್ಲೇ ಸತ್ತಿತು. ಮತ್ತೆ ಮಾಡಿದೆ, ಮತ್ತೆ ಸತ್ತಿತು. ಆ ನಕಲಿನ ಎದುರು ಒಮ್ಮೆ ಊಟಕ್ಕೆ ಕೂರು ಎಂದು ಶಿವಲೀಲಾಳನ್ನು ಕೇಳಿಕೊಂಡೆ. ಅವಳು ಒಪ್ಪಲಿಲ್ಲ.

"ಒಂದು ಹೊಟ್ಟಿಯೊಳಗೈತಿ, ಒಂದು ಆ ಪೆಟಿಗ್ಯಾಗೈತಿ. ಇನ್ನೆಷ್ಟಕ್ಕ ಉಣಸ್ಲಿ ಅಕ್ಕಾರ?" ಅಂದಳು.

ಹೀಗೆ ನನ್ನ ಪರೀಕ್ಷೆ ಅರ್ಧಕ್ಕೇ ನಿಂತಿತು. ನಿಜ ಹೇಳಬೇಕೆಂದರೆ ನಾನೂ ಒತ್ತಾಯಿಸಲಿಲ್ಲ. ಅವಳು ಉಣ್ಣುತ್ತಿದ್ದಳು. ಕೆನ್ನೆ ತುಂಬಿಕೊಳ್ಳುತ್ತಿತ್ತು. ಏನನ್ನಾದರೂ ಕೆದಕಲು ಹೋಗಿ ಅದು ನಿಂತರೆ ಎಂದು ಹೆದರಿದೆ.

ಕೊನೆಗೂ ವರದಿ ಬಂತು. ಮೂವರೂ ಹೋದೆವು. ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. "ಒಂದು ಜೀನಿನಲ್ಲಿ ಬದಲಾವಣೆ ಕಾಣ್ತಿದೆ. ಅದರ ಅರ್ಥ ಏನು ಅಂತ ಇವತ್ತಿನ ಮಟ್ಟಿಗೆ ಯಾರಿಗೂ ಗೊತ್ತಿಲ್ಲ. ತೊಂದರೆ ಆಗಬಹುದು, ಏನೂ ಆಗದೇನೂ ಇರಬಹುದು. ಮುಂದುವರಿಸೋದು ಬಿಡೋದು ನಿಮ್ಮ ತೀರ್ಮಾನ. ತುಂಬಾ ತಡ ಮಾಡಬೇಡಿ."

ಕೆಟ್ಟದ್ದೆಂದಿದ್ದರೆ ಅತ್ತುಬಿಡಬಹುದಿತ್ತು, ಒಳ್ಳೆಯದೆಂದಿದ್ದರೆ ಹೋಳಿಗೆ ಮಾಡಬಹುದಿತ್ತು. ಇದಕ್ಕೆ ಏನು ಮಾಡುವುದು? ಮನೆಗೆ ಬಂದ ಮೇಲೆ ಪ್ರಭು ಬಾಲ್ಕನಿಯಲ್ಲಿ ನನ್ನ ಹತ್ತಿರ ಬಂದು, "ಏನು ಅಂತಾನೇ ಗೊತ್ತಿಲ್ಲದ್ದನ್ನ ಹೆಂಗೆ ಹೊತ್ಕೊಳ್ಳೋದು ಅಕ್ಕ?" ಅಂದ. ಅವನ ಮುಖ ನೋಡಲಾಗಲಿಲ್ಲ. ನನಗೂ ಅದೇ ಅನಿಸಿತ್ತು.

ಶಿವಲೀಲಾ ಅಷ್ಟರಲ್ಲಿ ತಟ್ಟೆ ಹಾಕಿಕೊಂಡು ಕಂಪ್ಯೂಟರಿನ ಎದುರು ಕೂತಿದ್ದಳು. ಮರಿ ಮುಂದೆ ಬಂದು ನಿಂತಿತ್ತು. ಅವಳು ನಮ್ಮ ಕಡೆ ತಿರುಗದೆಯೇ ಹೇಳಿದಳು. "ಈ ಮರಿದು ಕೆಟ್ಟೈತಿ ಅಂತ ಅಕ್ಕಾರಿಗೆ ಪಕ್ಕಾ ಗೊತ್ತಿತ್ತು. ಆದ್ರೂ ಉಣ್ಣಾಕತ್ತೈತಿ. ನನ್ನ ಕೂಸಿಂದು ಏನಂತ ಯಾರಿಗೂ ಗೊತ್ತಿಲ್ಲ. ಏನರ ಆಗ್ಲಿ, ನಾ ಅದರ ಸಂಗಾಟ ಕುಂದರ್ತೀನಿ. ಅಷ್ಟ."

ಪ್ರಭು ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತುಕೊಂಡ. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಚರ್ಚೆಗೆ ಬರಲಿಲ್ಲ.

ತಿಂಗಳು ತುಂಬುತ್ತಾ ಬಂದಾಗ ಅವಳ ಅಣ್ಣ ಬಂದು ಹೆರಿಗೆಗೆಂದು ಗದಗಿಗೆ ಕರೆದುಕೊಂಡು ಹೋದ. ಹೊರಡುವಾಗ ಅವಳು, "ಮರಿ ನೋಡ್ಕೋರಿ ಅಕ್ಕಾರ" ಅಂದಳು. ಅವತ್ತು ಮಧ್ಯಾಹ್ನ ನಾನು ತಟ್ಟೆ ಹಿಡಿದು ಕೂತೆ. ಊಟದ ಹೊತ್ತಿಗೆ ಸರಿಯಾಗಿ ಮರಿ ಮುಂದೆ ಬಂತು. ಗಾಜಿಗೆ ಮುಖ ಮಾಡಿ ನಿಂತಿತು. ನಾನು ಉಂಡೆ, ಅದು ಉಣ್ಣಲಿಲ್ಲ. ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಿರುವಂತೆ ನಿಂತೇ ಇತ್ತು. ಮೈಯ ಬಲ ಇಳಿಯುತ್ತಾ ಹೋಗುವುದು ಪಕ್ಕದ ಕಿಟಕಿಯಲ್ಲಿ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಆಟವನ್ನು ಅಲ್ಲಿಗೇ ಉಳಿಸಿ ಮುಚ್ಚಿದೆ. ಮುಚ್ಚಿದ ಆಟದೊಳಗೆ ಕಾಲ ಓಡುವುದಿಲ್ಲ, ಹಸಿವೂ ಇಲ್ಲ, ಸಾವೂ ಇಲ್ಲ. ಪ್ಲಗ್ ಕಿತ್ತು, ಕಂಪ್ಯೂಟರಿಗೆ ಹಳೆಯ ದುಪ್ಪಟಿ ಹೊದಿಸಿದೆ. ಅಂದಿನಿಂದ ಇಂದಿನವರೆಗೆ ಅದನ್ನು ಹಚ್ಚಿಲ್ಲ.

ಹೆಣ್ಣು ಹುಟ್ಟಿತು. ಹೆಸರಿಡುವ ದಿನ ಸೋದರತ್ತೆಯಾದ ನಾನೇ ತೊಟ್ಟಿಲಿಗೆ ಬಗ್ಗಿ, ಪದ್ಧತಿಯಂತೆ ಹೆಂಗಸರೆಲ್ಲ ಬೆನ್ನಿಗೆ ಗುದ್ದುತ್ತಿರುವಾಗ, ಕಿವಿಯಲ್ಲಿ ಕುರ್ ಎಂದು ಗಂಗಾ ಅಂತ ಹೆಸರು ಕೂಗಿದೆ. ಈಗವಳಿಗೆ ನಾಲ್ಕು ವರ್ಷ. ಆ ಬದಲಾವಣೆಯ ಅರ್ಥ ಡಾಕ್ಟರಿಗೆ ಇವತ್ತಿಗೂ ಗೊತ್ತಿಲ್ಲ, ಆಗಾಗ ಕರೆಸಿ ನೋಡುತ್ತಾರೆ. ನೀವು ಊಹಿಸುತ್ತಿರುವಂಥದ್ದು ಏನೂ ಇಲ್ಲ. ಗಂಗಾಳಿಗೆ ಹಸಿವು ಚೆನ್ನಾಗಿ ತಿಳಿಯುತ್ತದೆ, ಊಟ ಒಂದು ಗಳಿಗೆ ತಡವಾದರೆ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ. ನಾನೂ ಆ ಮಧ್ಯಾಹ್ನಗಳನ್ನು ಮರೆಯುತ್ತಾ ಬಂದಿದ್ದೆ. ಎಲ್ಲೋ ಕಣ್ತಪ್ಪಿರಬೇಕು, ನಾವು ಹೆದರಿದ್ದ ದಿನಗಳವು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಹೋದ ಭಾನುವಾರ ಎಲ್ಲರೂ ಮೇಜಿಗೆ ಕೂತೆವು. ಗಂಗಾ ತನ್ನ ಪುಟ್ಟ ತಟ್ಟೆ ಎತ್ತಿಕೊಂಡು ಕುರ್ಚಿಯಿಂದ ಇಳಿದಳು. ಮೂಲೆಗೆ ಹೋಗಿ, ದುಪ್ಪಟಿ ಹೊದ್ದ ಕಂಪ್ಯೂಟರಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ದುಪ್ಪಟಿಯ ಅಂಚನ್ನು ಸ್ವಲ್ಪ ಮೇಲೆತ್ತಿದಳು. ಕಪ್ಪು ಪರದೆ ಬಿಟ್ಟು ಅಲ್ಲಿ ಏನೂ ಇರಲಿಲ್ಲ.

"ಅಲ್ಯಾಕೆ ಕೂತೆ ಗಂಗಾ? ಇಲ್ಲಿ ಬಾ" ಅಂದೆ.

"ಇದು ಇನ್ನ ಉಂಡಿಲ್ಲ ಅತ್ತಿ" ಅಂದಳು.

ನಾನು ಶಿವಲೀಲಾಳ ಮುಖ ನೋಡಿದೆ. ಅವಳ ಕೈಯ ತುತ್ತು ಕೈಯಲ್ಲೇ ಇತ್ತು. ತಾನು ಮಗಳಿಗೆ ಯಾವತ್ತೂ ಆ ಮರಿಯ ವಿಷಯ ಹೇಳಿಲ್ಲ ಎಂದು ಆಮೇಲೆ ಹೇಳಿದಳು. ಪ್ರಭುವೂ ಹೇಳಿಲ್ಲವಂತೆ, ನಾನಂತೂ ಹೇಳಿಲ್ಲ. ಹಿರಿಯರು ಮಾತಾಡುವಾಗ ಎಲ್ಲೋ ಕಿವಿಗೆ ಬಿದ್ದಿರಬಹುದು. ಇರಬಹುದು. ಪ್ಲಗ್ ಹಾಕಿ ಆಟ ಹಚ್ಚಿದರೆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತದೆ ಎಂದು ನನ್ನೊಳಗಿನ ಟೆಸ್ಟರ್ ಇವತ್ತಿಗೂ ಪೀಡಿಸುತ್ತಾಳೆ. ನನಗೆ ಧೈರ್ಯವಿಲ್ಲ. ಆ ಹೊತ್ತಿಗೆ ನನಗೆ ತೋಚಿದ್ದು ಒಂದೇ. ನನ್ನ ತಟ್ಟೆ ಎತ್ತಿಕೊಂಡು ಹೋಗಿ ಗಂಗಾಳ ಪಕ್ಕದಲ್ಲಿ ಕೂತೆ.