ಸತ್ತೆಪ್ಪನ ಬೋರ್ಡಿಗೆ ಬಾರದ ಹೆಸರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೊರಟಿವೆ. ಚಿಕ್ಕೋಡಿಗೂ ರಾಯಬಾಗಕ್ಕೂ ಅಥಣಿಗೂ ಬಸ್ಸು ಸಿಗುವ ಈ ಸಣ್ಣ ಪಟ್ಟಣದ ಪುರಸಭೆಯ ಗೇಟಿನ ಪಕ್ಕ, ಗೋಡೆಗೆ ಬಡಿದ ಕಪ್ಪು ಹಲಗೆಯ ಮುಂದೆ ಸತ್ತೆಪ್ಪ ಸ್ಟೂಲು ಹತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಸೀಮೆಸುಣ್ಣ, ಇಲ್ಲಿನವರ ಬಾಯಲ್ಲಿ ಖಡು. ನಿನ್ನೆಯ ಸುದ್ದಿಯನ್ನು ಮೇಲಿನಿಂದ ಕೆಳಗೆ ಒರೆಸಿ, ಹಲಗೆ ಆರುವ ತನಕ ಕಾಯುತ್ತಾರೆ. ಅವಸರ ಮಾಡಿದರೆ ಅಕ್ಷರ ಹಿಡಿಯುವುದಿಲ್ಲ.

ಆಮೇಲೆ ಬರವಣಿಗೆ. ಇಂದು ಹಳೇ ಪೇಟೆಗೆ ನೀರು, ನಾಳೆ ಹೊಸ ಬಡಾವಣೆಗೆ. ಹನ್ನೊಂದು ಗಂಟೆಗೆ ಮೇಲಿನ ಸಭಾಭವನದಲ್ಲಿ ಉಚಿತ ದಂತ ತಪಾಸಣೆ. ಶನಿವಾರ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ರೊಟ್ಟಿ-ಚಟ್ನಿ ಮೇಳ. ಸಾಲು ಎಲ್ಲಿಯೂ ಓರೆಯಾಗದಂತೆ ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ಕೆಳಗೆ ನಿಧನ ವಾರ್ತೆ. ಬರೆಯುವುದು ಕನ್ನಡದಲ್ಲಿ. ಮರಾಠಿ ಮಾತಿನವರು ನಿಂತು ಕೇಳಿದರೆ ಬಾಯಲ್ಲೇ ಮರಾಠಿ ಮಾಡಿ ಹೇಳುತ್ತಾರೆ.

ಎದುರಿನ ಚಹಾದಂಗಡಿಯ ಸಂಭಾಜಿ ಕಪ್ಪು ಹಿಡಿದುಕೊಂಡು ರಸ್ತೆ ದಾಟಿ ಬರುತ್ತಾರೆ. ನೀರಿನ ಸುದ್ದಿ ಅವರಿಗೆ ಬೇಕಿಲ್ಲ, ಹಲ್ಲಿನದಂತೂ ಬೇಡವೇ ಬೇಡ. "ಆಜ್ ಕೋಣ್ ಗೆಲಾ ರೇ, ಸತ್ತೆಪ್ಪಾ?" ಎಂದು ಕೇಳುತ್ತಾರೆ. ಇವತ್ತು ಯಾರು ಹೋದರು ಎಂದು. ಸಂಭಾಜಿಗೆ ಕನ್ನಡವೂ ತಿಳಿಯುತ್ತದೆ, ಹಾಗಾಗಿ ಸತ್ತೆಪ್ಪನ ಉತ್ತರ ಕನ್ನಡದಲ್ಲೇ.

"ಯಡೂರ ರಸ್ತಾದಾಗಿನ ಬಡಿಗ್ಯಾರ ಮುದುಕಿ. ರಕ್ಷಾವಿಸರ್ಜನ ಶುಕ್ರವಾರ ಮುಂಜಾನೆ. ನಡೀ ಮತ್ತ, ಹೋಗಿ ಬರೂಣು."

ಈ ಊರಿನವರೆಲ್ಲ ಸಂಭಾಜಿಯ ಹಾಗೆಯೇ. ಹಲಗೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಮೊದಲು ಸತ್ತವರು ಯಾರು, ರಕ್ಷಾವಿಸರ್ಜನೆ ಯಾವತ್ತು, ಆಮೇಲೆ ಉಳಿದದ್ದು. ದಹನದ ಬೂದಿಯನ್ನು ಒಟ್ಟುಮಾಡಿ ಹೊಳೆಗೆ ಬಿಡುವ ಆ ಮೂರನೇ ದಿನದ ಕಾರ್ಯಕ್ಕೆ ಗಡಿಯ ಈ ಸೀಮೆಯಲ್ಲಿ ಬಲು ಬೆಲೆ. ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ತಪ್ಪಿಸಿಕೊಂಡವರನ್ನು ಮಂದಿ ಮನ್ನಿಸಿಯಾರು. ರಕ್ಷಾವಿಸರ್ಜನೆಗೂ ಬಾರದವರನ್ನು ಮಾತ್ರ ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಈ ಹಲಗೆ ಯಾಕೆ ಬೇಕು ಎಂದರೆ ಸತ್ತೆಪ್ಪ ನಗುತ್ತಾರೆ. "ಮೊಬೈಲಿನ್ಯಾಗ ಸತ್ತಾವ್ರು ಮಧ್ಯಾಹ್ನಕ್ಕ ಎದ್ದ ಕುಂತ ಉಂಡ ಹೋಗ್ಯಾರ್ರಿ. ನನ್ನ ಬೋರ್ಡಿನ್ಯಾಗ ಹಂಗ ನಡ್ಯಾಂಗಿಲ್ಲ. ಮನಿಯವ್ರು ಬಂದ ಹೇಳಬೇಕು, ಆಮ್ಯಾಲ ಖಡು ಎತ್ತೂದು." ಹಾಗಾಗಿ ಊರಿನಲ್ಲಿ ಒಂದು ರೂಢಿಯೇ ಬಿದ್ದಿದೆ. ಯಾರೋ ಹೋದರಂತೆ ಎಂದು ಸುದ್ದಿ ಬಂದರೆ, ಎದ್ದು ಹೊರಡುವ ಮೊದಲು ಒಬ್ಬರು ಕೇಳಿಯೇ ಕೇಳುತ್ತಾರೆ: ಬೋರ್ಡಿಗೆ ಬಂದೈತೇನು?

ಸತ್ತೆಪ್ಪ ಕೆಲಸಕ್ಕೆ ಸೇರಿದ್ದು ಬರೆಯುವುದಕ್ಕಲ್ಲ, ನೀರು ಬಿಡುವುದಕ್ಕೆ. ತಂದೆ ಕಂಡವರ ಕಬ್ಬಿನ ಹೊಲದಲ್ಲಿ ದುಡಿದು ಮಗನನ್ನು ಹತ್ತನೇ ಇಯತ್ತೆಯವರೆಗೆ ಓದಿಸಿದ್ದರು. ದಿನಗೂಲಿಯ ಮೇಲೆ ವಾಲ್ವ್ ತಿರುಗಿಸುವ ಕೆಲಸ ಸಿಕ್ಕಿತು. ನೀರು ಯಾವಾಗ, ನಮ್ಮ ಓಣಿಗೆ ಯಾವಾಗ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಒಂದು ದಿನ ನೀರಿನ ಟಾಕಿಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದೇಬಿಟ್ಟರು. ಮರುದಿನ ದೊಡ್ಡ ಸಾಹೇಬರಿಂದ ಕರೆ ಬಂತು. ಗೋಡೆ ಕೆಡಿಸಿದ್ದಕ್ಕೆ ಕೆಲಸ ಹೋಯಿತು ಎಂದು ಹೆದರಿ ಹೋದವರ ಕೈಗೆ ಸಾಹೇಬರು ಸೀಮೆಸುಣ್ಣದ ಡಬ್ಬಿ ಕೊಟ್ಟು, ಇನ್ನು ಮೇಲೆ ಬೋರ್ಡು ನಿನ್ನದು ಎಂದರು. ಮುಂದೆ ನೌಕರಿ ಕಾಯಂ ಆಗಿ ಕಚೇರಿಯ ಶಿಪಾಯಿಯಾದರು. ಬೋರ್ಡು ಮಾತ್ರ ಬಿಡಲಿಲ್ಲ.

ಹತ್ತು ಗಂಟೆಯ ಮೇಲೆ ಇನ್ನೊಂದು ಪಾತ್ರ. ಸಭಾಭವನದಲ್ಲಿ ಏನೇ ನಡೆಯಲಿ, ಜಯಂತಿಯಿರಲಿ, ಶಿಬಿರವಿರಲಿ, ಕಸ ಬೇರ್ಪಡಿಸುವ ಬಗ್ಗೆ ಉಪನ್ಯಾಸವಿರಲಿ, ಕುರ್ಚಿ ಹಾಕುವವರು, ಬ್ಯಾನರ್ ಕಟ್ಟುವವರು, ಮೈಕಿಗೆ ಊದಿ "ಹಲೋ ಹಲೋ" ಅನ್ನುವವರು ಎಲ್ಲ ಇವರೇ. ಅತಿಥಿಗಳು ತಡವಾಗಿ ಬರುವುದು ವಾಡಿಕೆ. ಅದಕ್ಕಿಂತ ದೊಡ್ಡ ತಲೆನೋವು ಖಾಲಿ ಕುರ್ಚಿಗಳದ್ದು. ಅದಕ್ಕೆ ಸತ್ತೆಪ್ಪನ ಹತ್ತಿರ ಒಂದು ಮದ್ದಿತ್ತು. ಮನೆಗೊಂದು ಫೋನು ಹಚ್ಚಿ, "ಏ ಸುಂದರಾ, ಮಂದಿ ಇಲ್ಲ ಬಾರ ಬೇ" ಎನ್ನುವುದು.

ಸುಂದರಾ ಇವರ ಹೆಂಡತಿ. ಪಾಲಬಾವಿಯ ಮಗಳು. ಕಬ್ಬಿನ ಕಳೆ ತೆಗೆಯುವ ಹೆಣ್ಣಾಳುಗಳ ಗುಂಪಿನಲ್ಲಿ ಅವರ ಮಾತೇ ಮಾತು. ಕೆಲಸವಿಲ್ಲದ ದಿನ ಫೋನು ಬಂದರೆ ಸಾಕು, ಓಣಿ ಓಣಿಗೆ ಹಾಯ್ದು ಹೆಂಗಸರನ್ನು ಎಬ್ಬಿಸಿಕೊಂಡು ಬಂದು ಮೆಟ್ಟಿಲು ಹತ್ತುತ್ತಿದ್ದರು. ವಿಷಯ ಏನು ಎಂದು ಕೇಳಿದವರಲ್ಲ. "ಹ್ವಾದ ಸಲ ಕಣ್ಣ ತೋರಿಸಿದ್ದಿವಿ, ಈ ಸಲ ಹಲ್ಲ ತೋರಸೂಣು ಬರ್ರೆ" ಎಂದು ಕರೆಯುತ್ತಿದ್ದುದನ್ನು ಊರಿನ ಹೆಂಗಸರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಚಪ್ಪಾಳೆ ಮೊದಲು ಬೀಳುತ್ತಿದ್ದುದು ಅವರದೇ, ಒಮ್ಮೊಮ್ಮೆ ಭಾಷಣ ಮುಗಿಯುವ ಮೊದಲೂ. "ಅಕಿ ಇದ್ದಾಗ ಹಾಲ್ ತುಂಬತಿತ್ತು ನೋಡ್ರಿ" ಎನ್ನುವಾಗ ಸತ್ತೆಪ್ಪನ ದನಿ ಇಳಿಯುತ್ತದೆ.

ಹೋದ ವರ್ಷ ಶ್ರಾವಣದಲ್ಲಿ ಸುಂದರಾ ತೀರಿಕೊಂಡರು. ಎದೆನೋವು ಎಂದು ಮಿರಜದ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ಮನೆಗೆ ತಂದರು, ಪಾಲಬಾವಿಯಿಂದ ತವರಿನವರು ಬಂದರು, ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಬೆಂಕಿ ಕೊಟ್ಟರು. ಬೋರ್ಡಿನ ನೆನಪು ಯಾರಿಗೂ ಬರಲಿಲ್ಲ. ಬೇರೆಯವರ ಮನೆಯಲ್ಲಾದರೆ ಯಾರಾದರೂ ಓಡಿ ಬಂದು ಸತ್ತೆಪ್ಪನಿಗೆ ಹೇಳುತ್ತಿದ್ದರು. ಇಲ್ಲಿ ಹೇಳಿಸಿಕೊಳ್ಳಬೇಕಾದವರೇ ಹೆಣದ ಪಕ್ಕ ಕುಳಿತಿದ್ದರು. ಬೋರ್ಡಿನ ವ್ಯವಸ್ಥೆಯನ್ನು ಸತ್ತೆಪ್ಪನೇ ಮಾಡಿರುತ್ತಾರೆ ಎಂದು ಬಂಧುಗಳು ಅಂದುಕೊಂಡರು. ಪುರಸಭೆಯ ಗುಮಾಸ್ತ ವೃಷಭ ಅವರಿಗೂ ಕೈ ಬರಲಿಲ್ಲ. "ಅದು ಸತ್ತೆಪ್ಪಣ್ಣನ ಬೋರ್ಡು. ಅಂವ ಇರೂತನಕ ನಾವ್ಯಾರೂ ಖಡು ಮುಟ್ಟಿದವ್ರಲ್ಲ" ಎಂದು ಈಗ ತಲೆ ತಗ್ಗಿಸಿ ಹೇಳುತ್ತಾರೆ.

ಮೂರು ದಿನವೂ ಹಲಗೆಯ ಮೇಲೆ ಸತ್ತೆಪ್ಪನೇ ಬರೆದಿಟ್ಟ ಹಳೆಯ ಸುದ್ದಿ ಹಾಗೆಯೇ ಇತ್ತು. ಗೆರೆಯ ಕೆಳಗೆ ಏನೂ ಇರಲಿಲ್ಲ. ಸುದ್ದಿ ಕಿವಿಗೆ ಬಿದ್ದವರೂ ಗೇಟಿನ ತನಕ ಬಂದು ನೋಡಿ ಹಿಂದಿರುಗಿದರು. ಸಂಭಾಜಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಯಾರೋ ಹೇಳಿದರಂತೆ: "ಸತ್ತೆಪ್ಪನ ಹೇಣತಿ ಸತ್ತಿದ್ರ ಬೋರ್ಡಿಗೆ ಬರ್ತಿರಲಿಲ್ಲೇನ? ಸುಳ್ಳಿದ್ದೀತ ಬಿಡೋ." ಅದು ಎಲ್ಲರಿಗೂ ಸರಿಯೆನಿಸಿತು.

ರಕ್ಷಾವಿಸರ್ಜನೆಗೆ ನೆಂಟರು ಬಂದರು, ಪಕ್ಕದ ನಾಲ್ಕು ಮನೆಯವರು ಬಂದರು. ಅಷ್ಟೇ. ಸುಂದರಾ ಎಬ್ಬಿಸಿ ಎಬ್ಬಿಸಿ ಕರೆದುಕೊಂಡು ಬರುತ್ತಿದ್ದ ಆ ಓಣಿಗಳ ಹೆಂಗಸರು ಬರಲಿಲ್ಲ. ಕಾಗವಾಡಕ್ಕೆ ಕೊಟ್ಟ ಮಗಳು ಸಪನಾ ಹೊಳೆಯ ದಂಡೆಯಲ್ಲಿ ನಿಂತು ದಾರಿ ನೋಡಿಯೇ ನೋಡಿದಳು. ಮನೆಗೆ ಬಂದ ಮೇಲೆ ಒಂದೇ ಮಾತು ಕೇಳಿದಳು: "ಅಪ್ಪಾ, ಊರ ಮಂದೀದೆಲ್ಲಾ ಬರೀತಿ. ಅವ್ವಂದ ಒಂದ ಬರ್ಯಾಕ ಆಗಲಿಲ್ಲೇನ?" ಮತ್ತೆಂದೂ ಅವಳು ಆ ಮಾತು ತೆಗೆದಿಲ್ಲ. ಸತ್ತೆಪ್ಪ ಮಾತ್ರ ಅದನ್ನು ಮರೆತಿಲ್ಲ.

ಆಮೇಲೆ ತಿಂಗಳುಗಟ್ಟಲೆ ಹೆಂಗಸರು ದಾರಿಯಲ್ಲಿ ತಡೆದು ಅತ್ತಿದ್ದಾರೆ. ನಮಗೆ ಹೇಳಬಾರದಿತ್ತೇ ಎಂದು ಬೈದಿದ್ದಾರೆ. ಈಗಲಾದರೂ ಬರೆ ಎಂದು, ಸತ್ತೆಪ್ಪ ಕೆಲಸಕ್ಕೆ ಮರಳಿದ ದಿನವೇ ವೃಷಭ ಹೇಳಿದ್ದರು. ಸತ್ತೆಪ್ಪ ಒಪ್ಪಲಿಲ್ಲ. ಮುಗಿದ ಕಾರ್ಯದ ಸುದ್ದಿಯನ್ನು ಬೋರ್ಡಿಗೆ ಬರೆಯಬಾರದು ಎಂಬುದು ಅವರದೇ ಕಟ್ಟಳೆ. ಹಿಂದೊಮ್ಮೆ ದ್ರಾಕ್ಷಿ ತೋಟದ ದೊಡ್ಡ ಕುಳ ಬಾಳಾಸಾಬ ಅವರು ತಂದೆಯ ಕಾರ್ಯವೆಲ್ಲ ಮುಗಿದ ಮೇಲೆ ಬಂದು, ಹೆಸರು ಬೋರ್ಡಿನ ಮೇಲೆ ಬರಲೇಬೇಕು ಎಂದು ಪಟ್ಟು ಹಿಡಿದಾಗಲೂ ಸತ್ತೆಪ್ಪ ಬಗ್ಗಿರಲಿಲ್ಲ. "ಮುಗದ ಮ್ಯಾಲ ಬರದ್ರ ಮಂದಿ ಸುಮ್ಮಸುಮ್ಮನ ಹೊಳಿತನಕ ಹೋಗಿ ಬರ್ತಾರ್ರಿ. ಬಾಳಾಸಾಬರಿಗೆ ಇಲ್ಲಂದಂವ, ನನ್ನ ಹೇಣತಿದಂದ್ರ ಹೆಂಗ ಬರೀಲಿ?"

ನ್ಯಾಯವೇನೋ ಹೌದು. ಆದರೆ ಮನಸ್ಸು ಕಟ್ಟಳೆ ಕೇಳುತ್ತದೆಯೇ? ಈ ಶ್ರಾವಣದಲ್ಲಿ ವರ್ಷ ತುಂಬಿದ ದಿನ ಬೆಳಿಗ್ಗೆ ಸತ್ತೆಪ್ಪ ಎಂದಿಗಿಂತ ಮೊದಲೇ ಬಂದಿದ್ದರು. ಹಲಗೆ ಒರೆಸಿದರು, ಗೆರೆ ಎಳೆದರು. ಗೆರೆಯ ಕೆಳಗೆ ಹೆಂಡತಿಯ ಹೆಸರು ಪೂರ್ತಿ ಬರೆದರು. ಸ್ಟೂಲಿನಿಂದ ಇಳಿದು, ರಸ್ತೆ ದಾಟಿ, ಇನ್ನೂ ತೆರೆಯದ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಿದರು. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕಸ ಗುಡಿಸುವವರ ಗಾಡಿ ತಿರುವಿನಲ್ಲಿ ಬಂದ ಸದ್ದಾದಾಗ ಎದ್ದು ಹೋಗಿ ಒರೆಸಿಬಿಟ್ಟರು.

"ಬರದದ್ದು ಚೊಲೋ ಕಾಣತಿತ್ತರೀ" ಎನ್ನುತ್ತಾರೆ. ಹೇಳುತ್ತಲೇ ಮಹಡಿಯ ಮೇಲೆ ಕುರ್ಚಿಗಳನ್ನು ಸಾಲಾಗಿ ಇಡುತ್ತಾರೆ. ಕೆಳಗೆ ದಂತ ತಪಾಸಣೆಯ ವೈದ್ಯರ ಜೀಪು ಬಂದು ನಿಂತಿದೆ. ಸಭಾಭವನದಲ್ಲಿ ಅರ್ಧ ಕುರ್ಚಿ ಖಾಲಿ. ಸತ್ತೆಪ್ಪನ ಕೈ ಜೇಬಿನ ಮೊಬೈಲಿನ ಕಡೆ ಹೋಗಿ ಹಿಂದೆ ಬರುತ್ತದೆ. ರೂಢಿ ಎನ್ನುವುದು ಅಷ್ಟು ಬೇಗ ಬಿಡುವುದಿಲ್ಲ, ಅವಳನ್ನು ಕರೆಯಬೇಕೆನಿಸುವುದು ದಿನಕ್ಕೊಮ್ಮೆಯಾದರೂ ಇದ್ದೇ ಇದೆ.

ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ಆದರೂ ಬೋರ್ಡು ಬರೆಯಲು ಬರುತ್ತಲೇ ಇರುವುದಾಗಿ ಸಾಹೇಬರಿಗೆ ಹೇಳಿಯಾಗಿದೆ. ಸನ್ಮಾನ, ಶಾಲು ಯಾವುದೂ ಬೇಡವಂತೆ. ಬೇಕಾದದ್ದು ಒಂದೇ, ಅದನ್ನು ವೃಷಭ ಅವರನ್ನು ಕರೆದು ಕೂರಿಸಿಕೊಂಡು ಹೇಳಿದ್ದಾರೆ. ನಿಧನ ವಾರ್ತೆಯಲ್ಲಿ ಹೆಂಗಸರಾದರೆ ಇಂಥವರ ಧರ್ಮಪತ್ನಿ ಎಂದೂ, ಗಂಡಸರಾದರೆ ಅವರು ಮಾಡುತ್ತಿದ್ದ ಕೆಲಸವನ್ನೂ ಬರೆಯುವುದು ಇಲ್ಲಿನ ಪದ್ಧತಿ. ಸತ್ತೆಪ್ಪನಿಗೆ ತನ್ನದು ಹಾಗೆ ಬೇಡ.

"ನಾ ಹ್ವಾದ ದಿವಸ ನೀವ ಖಡು ಹಿಡೀರಿ ಅಂತ ಹೇಳೇನ್ರಿ ವೃಷಭ ಸಾಹೇಬ್ರಿಗೆ. ಶಿಪಾಯಿ ಅಂತ ಬರೀಬ್ಯಾಡ್ರಿ, ಪಾಲಬಾವಿ ಸುಂದರಾನ ಗಂಡ ಸತ್ತೆಪ್ಪ ಅಂತ ಬರೀರಿ ಅಂದೇನಿ. ಆವತ್ತ ಅದು ತಾಜಾ ಸುದ್ದಿನ ಇರತೈತಲ್ರಿ, ಅಕಿ ಹೆಸರ ಯಾರೂ ಒರಸಾಂಗಿಲ್ಲ."