ಬೆಲ್ಟಿನ ದೀಪ, ಬೀಗರ ಮನೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರು. ಹೊನ್ನಾವರದಲ್ಲಿ ಮನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ನಾನು ಅದನ್ನು ಒಪ್ಪುವುದಿಲ್ಲ; ಒಪ್ಪುವುದಿಲ್ಲ ಎನ್ನುವುದನ್ನೂ ಸಿಟ್ಟಿನಿಂದಲೇ ಹೇಳುತ್ತೇನೆ.

ಹಿಂದೆ ಭಟ್ಕಳದ ಶಾಲೆಯಲ್ಲಿದ್ದಾಗ ನಮ್ಮ ಬಾಡಿಗೆ ಮನೆಯ ಎದುರಿಗೆ ಒಬ್ಬ ಹಿರಿಯ ಸಾಹೇಬರಿದ್ದರು. ಮುಂಬಯಿಯಲ್ಲಿ ಬಟ್ಟೆ ವ್ಯಾಪಾರ ಮಾಡಿ ಊರಿಗೆ ಮರಳಿದವರು. ಅವರ ಅಂಗಳದಲ್ಲಿ ತಾಡಪತ್ರಿ ಹೊದ್ದುಕೊಂಡು ಒಂದು ಹಳೆಯ ಸ್ಪೋರ್ಟ್ಸ್ ಕಾರು ನಿಂತಿರುತ್ತಿತ್ತು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಭಾನುವಾರ ಅವರು ತಾಡಪತ್ರಿ ತೆಗೆದು ಒರೆಸುವಾಗ ನಾನು ಕಾಂಪೌಂಡಿನ ಹತ್ತಿರ ಸುಮ್ಮನೆ ನಿಂತಿರುತ್ತಿದ್ದೆ. ನನಗೆ ಹೊನ್ನಾವರಕ್ಕೆ ವರ್ಗವಾದ ಮೇಲೆ, ಅವರ ಮೊಣಕಾಲು ನೋವು ಹೆಚ್ಚಾಗಿ ಆ ತಗ್ಗು ಸೀಟಿನಿಂದ ಏಳುವುದಾಗದೆ ಹೋದಾಗ ಅವರು ಅದನ್ನು ನನಗೇ ಮಾರಿದರು. ಕೀಲಿ ಕೊಡುವಾಗ ಹೇಳಿದ್ದು ಒಂದೇ ಮಾತು: "ಟೈಮಿಂಗ್ ಬೆಲ್ಟ್ ಹೊಸತು ಹಾಕ್ಸಿದ್ದೇನೆ ಮಾಸ್ತರೇ. ಅದ್ರ ಬಗ್ಗೆ ಹೆದರ್ಬೇಡಿ, ನನ್ನ ಮಾತು ಅದೆ."

ಆ ಕಾರಿನ ಪ್ರಾಣವೇ ಆ ಬೆಲ್ಟು. ಎಂಜಿನ್ನಿನ ಮೇಲಿನ ವಾಲ್ವುಗಳೂ ಕೆಳಗಿನ ಪಿಸ್ಟನ್ನುಗಳೂ ಅದರ ತಾಳಕ್ಕೆ ಸರಿಯಾಗಿ ಏರಿಳಿಯುತ್ತವೆ. ಅದು ಸಡಿಲಾಗಿ ಒಂದೆರಡು ಹಲ್ಲು ಜಾರಿದರೆ ಒಂದಕ್ಕೊಂದು ಬಡಿದು ಎಂಜಿನ್ನು ಮುಗಿದಂತೆ. ಅದಕ್ಕೇ ಬೆಲ್ಟಿನ ಬಿಗಿ ತಪ್ಪಿದರೆ ಸ್ಟಿಯರಿಂಗಿನ ಎದುರಿನ ಫಲಕದಲ್ಲಿ ಕೆಂಪು ದೀಪ ಹೊತ್ತಿಕೊಳ್ಳುವ ಹಾಗೆ ಮಾಡಿದ್ದಾರೆ.

ಕಾರು ಮನೆಗೆ ಬಂದ ವರ್ಷದ ಆಯುಧ ಪೂಜೆಯನ್ನು ಜೋರಾಗಿಯೇ ಮಾಡಿದೆ. ಬೈಕಿಗಾದರೆ ಒಂದು ಬೊಟ್ಟು, ಒಂದು ಹೂವು ಸಾಕಾಗುತ್ತಿತ್ತು. ಇದಕ್ಕೆ ಬಾನೆಟ್ ಎತ್ತಿ ಎಂಜಿನ್ನಿಗೂ ಗಂಧ, ಕುಂಕುಮ, ದಾಸವಾಳ. ಒಡೆದ ಕಾಯಿಯ ನೀರನ್ನು ಚಕ್ರಕ್ಕೆ ಚಿಮುಕಿಸಿ, ಉಳಿದದ್ದನ್ನು ತೀರ್ಥದ ಹಾಗೆ ಎಂಜಿನ್ನಿನ ಮುಂಭಾಗಕ್ಕೇ ಸುರಿದೆ.

"ಎಂತ, ಅದಕ್ಕೂ ಬಾಯಾರ್ತದ್ಯಾ? ಸಾಕು ಮಾಡಿ" ಎಂದಳು ಹೆಂಡತಿ.

ಮರುವಾರ ಅವಳನ್ನು ಕೂರಿಸಿಕೊಂಡು ಕುಮಟಾದ ಹತ್ತಿರದ ಬಾಡಕ್ಕೆ, ಅವಳ ತವರಿಗೆ ಹೊರಟೆ. ಮಾವನ ಮನೆಯವರಿಗೆ ಗಾಡಿ ತೋರಿಸುವ ಚಪಲ, ಬೇರೇನಲ್ಲ. ಅರ್ಧ ದಾರಿಯಲ್ಲಿ ಕೆಂಪು ದೀಪ ಹೊತ್ತಿತು. ಅಲ್ಲೇ ಎಂಜಿನ್ ಆರಿಸಿದೆ. ಕೊನೆಗೆ ಮೀನಿನ ಬುಟ್ಟಿ ಇಳಿಸಿ ಬರುತ್ತಿದ್ದ ಪಿಕಪ್ಪೊಂದು ನಮ್ಮನ್ನು ಹಗ್ಗ ಕಟ್ಟಿ ಹೊನ್ನಾವರಕ್ಕೆ ಎಳೆದು ತಂದಿತು. ಬಸ್ ಸ್ಟ್ಯಾಂಡಿನ ಎದುರು ನನ್ನ ಶಾಲೆಯ ಮಕ್ಕಳು "ಸರ್, ಸರ್" ಎಂದು ಕೂಗುತ್ತಾ ಮೊಬೈಲು ಎತ್ತಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮಾರನೆಯ ದಿನ ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆ. ಬೆಲ್ಟಿನ ಮುಚ್ಚಳ ಬಿಚ್ಚಿ ಒಮ್ಮೆ ನೋಡುವಷ್ಟೂ ತಾಳ್ಮೆ ನನಗಿರಲಿಲ್ಲ. ಸಾಹೇಬರ ಮನೆಯ ಜಗಲಿಯಲ್ಲಿ ಅಪರಿಚಿತ ಗಂಡಸರು ಚಾ ಕುಡಿಯುತ್ತ ಕುಳಿತಿದ್ದರು. ಸಾಹೇಬರು ಎದ್ದು, "ಬನ್ನಿ ಮಾಸ್ತರೇ, ಒಳ್ಳೇ ಹೊತ್ತಿಗೆ ಬಂದ್ರಿ. ಮೊಮ್ಮಗಳ ಸಂಬಂಧ ಕುದುರ್ತು. ಇವ್ರು ಬೀಗರಾಗುವವರು" ಎಂದರು.

ನಾನು ಕೂರಲಿಲ್ಲ. "ಹಳೇ ಬೆಲ್ಟಿಗೆ ಹೊಸತು ಅಂತ ಸುಳ್ಳು ಹೇಳಿ ಗಾಡಿ ದಾಟಿಸಿದ್ರಲ್ಲ. ನಿಮ್ಮ ಮಾತಿಗೆ ಇಷ್ಟೇನಾ ಬೆಲೆ?" ಎಂದೆ. ಬೀಗರು ಕಪ್ಪು ಕೆಳಗಿಟ್ಟರು. ನಾನು ದಡದಡ ಮೆಟ್ಟಿಲಿಳಿದು ಬಂದೆ. ಶರಾವತಿ ಸೇತುವೆ ದಾಟುವವರೆಗೂ ಗೆದ್ದವನ ಹಾಗೆ ಬೀಗುತ್ತಿದ್ದೆ.

ಭಾನುವಾರ ಮುಚ್ಚಳ ಬಿಚ್ಚಿದೆ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದೆ, ತಿರುಚಿ ನೋಡಿದೆ. ಗಟ್ಟಿಯಾಗಿತ್ತು. ಹಲ್ಲು ಸವೆದಿರಲಿಲ್ಲ, ಎಲ್ಲೂ ಬಿರುಕಿಲ್ಲ. ನೋಡಿದರೆ ಹೊಸದೆಂದು ಯಾರಿಗಾದರೂ ತಿಳಿಯುತ್ತಿತ್ತು. ಹಾಗಾದರೆ ದೀಪ? ಬೆಲ್ಟು ಸಡಿಲಾದಾಗ ಒಂದು ತಂತಿ ಎಂಜಿನ್ನಿನ ಲೋಹಕ್ಕೆ ತಾಗಿ ಆ ದೀಪ ಹೊತ್ತುತ್ತದೆ. ಆ ತಂತಿಯನ್ನು ಹುಡುಕುತ್ತ ಬಗ್ಗಿದರೆ, ಅದರ ಜೋಡಣೆಯ ಸುತ್ತ ಇರುವೆಗಳ ಸಾಲು. ಒಣಗಿದ ದಾಸವಾಳದ ಒಂದು ಎಸಳು, ಕುಂಕುಮದ ಕಲೆ, ಅಂಟಂಟಾದ ಪೊರೆ. ಬೆರಳಿಗೆ ಹಚ್ಚಿ ಮೂಸಿದೆ. ಹುಳಿತ ಕಾಯಿನೀರಿನ ವಾಸನೆ. ತಂತಿಗೂ ಲೋಹಕ್ಕೂ ನಡುವೆ ಆ ಪೊರೆಯೇ ಸೇತುವೆಯಾಗಿ ಕರೆಂಟು ಹರಿಸಿತ್ತು. ತೊಳೆದು ಒಣಗಿಸಿ ಎಂಜಿನ್ ಚಾಲೂ ಮಾಡಿದೆ. ದೀಪ ಹೊತ್ತಲಿಲ್ಲ.

ಪ್ರತಿವರ್ಷ ಉಪ್ಪುನೀರಿಗೆ ಎರಡು ತಂತಿ ಅದ್ದಿ ಬಲ್ಬು ಹೊತ್ತಿಸಿ ಮಕ್ಕಳಿಗೆ ತೋರಿಸುವವನು ನಾನು.

"ಆತು. ಭಟ್ಕಳಕ್ಕೆ ಯಾವಾಗ ಹೋಗ್ತ್ರಿ?" ಎಂದಳು ಹೆಂಡತಿ. ನಾಳೆ ಎಂದೆ. ನಾಳೆ ಪರೀಕ್ಷೆ ಬಂತು, ಆಮೇಲೆ ಉತ್ತರಪತ್ರಿಕೆ, ಆಮೇಲೆ ನೆಗಡಿ. ಬೈಯಲು ಬೆಳಗಿನ ಮೊದಲ ಬಸ್ಸು ಹಿಡಿದವನಿಗೆ ತಪ್ಪೊಪ್ಪಿಕೊಳ್ಳಲು ಪುರುಸೊತ್ತೇ ಆಗಲಿಲ್ಲ. ಕೊನೆಗೆ ಅವಳು ಮಾತು ಬಿಟ್ಟಳು. ಆಗ ಹೊರಟೆ, ಅದೇ ಕಾರಿನಲ್ಲಿ.

ಎಂಜಿನ್ನಿನ ಸದ್ದು ಕೇಳಿ ಸಾಹೇಬರು ಕೋಲು ಊರಿಕೊಂಡು ಗೇಟಿಗೇ ಬಂದರು. ನಾನು ಬಾಯಿ ಬಿಡುವ ಮೊದಲೇ, "ಆ ಬೆಲ್ಟಲ್ಲೇ ಇಷ್ಟು ದೂರ ಬಂದ್ರ್ಯಾ? ದಾರೀಲಿ ಎಂತಾದ್ರೂ ಆಗಿದ್ರೆ?" ಎಂದು ಗದರಿದರು. ಒಳಗೆ ಕರೆದು ನನ್ನ ಕೈಗೊಂದು ಪೊಟ್ಟಣ ಕೊಟ್ಟರು. ಹೊಸ ಬೆಲ್ಟು. ದುಬೈಯಲ್ಲಿರುವ ಮಗ ಹುಡುಕಿ, ಬರುವವರ ಕೈಯಲ್ಲಿ ಕಳಿಸಿದ್ದಂತೆ.

"ಗ್ಯಾರೇಜಿನವ್ರು ನನ್ಗೇ ಮೋಸ ಮಾಡಿರ್ಬೇಕು ಮಾಸ್ತರೇ. ನೋಡ್ದೇ ಮಾತು ಕೊಟ್ಟೆ, ತಪ್ಪು ನಂದೇ. ಬೀಗರಿಗೂ ಹಾಗೇ ಹೇಳ್ದೆ, ಮಾಸ್ತರು ಹೇಳಿದ್ದು ಸರಿ ಅಂತ."

ತಲೆ ಎತ್ತದೆ ಹೇಳಿದೆ: ಕಾಯಿನೀರು, ಇರುವೆ, ತೊಳೆದ ಮೇಲೆ ಆರಿದ ದೀಪ. ಬೆಲ್ಟು ಹೊಸತೇ, ನಿಮ್ಮ ಮಾತು ನಿಜವೇ, ಇದು ತಿಳಿದು ತಿಂಗಳ ಮೇಲಾಯಿತು ಎಂದೂ ಹೇಳಿದೆ. ಅವರು ಬಯ್ಯಲಿ ಎಂದು ಕಾದೆ. ಅವರು ಅಂಗಳದ ಕಡೆ, ಹಿಂದೆ ಕಾರು ನಿಲ್ಲುತ್ತಿದ್ದ ಜಾಗದ ಕಡೆ ನೋಡಿದರು.

ಪೊಟ್ಟಣ ತಿರುಗಿ ಕೊಡಲು ಹೋದೆ. "ನಾನೆಂತ ಮಾಡ್ಲಿ ಇದನ್ನ, ಗಾಡಿ ನಿಮ್ಮ ಹತ್ರ ಅದೆ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಬೀಗರ ಮನೆ ಇಲ್ಲೇ ಹೆಬಳೆಯಲ್ಲಿ. ಒಂದ್ಸಲ ಬರ್ತ್ರಾ?"

ತಮ್ಮದೇ ಆಗಿದ್ದ ಕಾರಿನಲ್ಲಿ ಅವರು ಪಕ್ಕದ ಸೀಟಿಗೆ ಇಳಿಯುವಾಗ ಮೊಣಕಾಲು ಮಡಚಲಿಲ್ಲ. ನಾನೇ ಬಗ್ಗಿ ಅವರ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟೆ. ಅವರು ಬೇಡ ಬೇಡ ಎನ್ನುತ್ತಿದ್ದರು. ದಾರಿಯುದ್ದಕ್ಕೂ ಅವರ ಕಣ್ಣು ಎದುರಿನ ಫಲಕದ ಮೇಲೆಯೇ ಇತ್ತು. ದೀಪ ಹೊತ್ತಲಿಲ್ಲ.

ಹೆಬಳೆಯ ಆ ಮನೆಯಲ್ಲಿ ಅದೇ ಗಂಡಸರು ಎದ್ದು ನಿಂತರು, ನನ್ನನ್ನು ಕಂಡು ಮುಖ ಬಿಗಿದುಕೊಂಡರು. ಸಾಹೇಬರು ಕುಳಿತು, ಕೋಲನ್ನು ಗೋಡೆಗೆ ಒರಗಿಸಿ, ನನ್ನ ಕಡೆ ತಿರುಗಿದರು.

"ಹೇಳಿ ಮಾಸ್ತರೇ" ಎಂದರು.