ಧಾರೆಗೆ ಮೊದಲು ಉಪ್ಪುನೀರು

ಸಾವಿರದ ಒಂಬೈನೂರ ತೊಂಬತ್ತೆಂಟರ ಮೇ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಗೆ ಸ್ವಲ್ಪ ಮೊದಲು, ನಾನು ಶಿರಸಿಯ ಒಂದು ಕಲ್ಯಾಣ ಮಂಟಪದ ವೇದಿಕೆಯ ಮೇಲೆ ವರನ ಬಲಗಡೆ ನಿಂತಿದ್ದೆ. ಕೈಯಲ್ಲಿ ಒಂದು ಹೊಸ ಪಂಚೆ ಇತ್ತು. ವರನ ಕಾಲು ತೊಳೆದಾದ ಮೇಲೆ ಒರೆಸಲು ಅದನ್ನು ವಧುವಿನ ತಂದೆಯ ಕೈಗೆ ಕೊಡುವುದಷ್ಟೇ ನನ್ನ ಕೆಲಸ. ಆಮೇಲೆ ನಡೆದದ್ದನ್ನು ನಾನು ಬೇರೆಯವರಿಂದ ಕೇಳಿ ಹೇಳುತ್ತಿಲ್ಲ. ನನ್ನ ಮತ್ತು ವರನ ಕಾಲಿನ ಹೆಬ್ಬೆರಳಿನ ನಡುವೆ ಒಂದು ಹರಿವಾಣ ಬಿಟ್ಟರೆ ಬೇರೇನೂ ಇರಲಿಲ್ಲ.

ವಧುವಿನ ತಂದೆ ದತ್ತು ಮಾವ ನನ್ನ ತಾಯಿಯ ತಮ್ಮ. ಶಿರಸಿ-ಯಲ್ಲಾಪುರ ಬಸ್ಸಿನ ಕಂಡಕ್ಟರ್. ಅವನು ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಎದುರು ಬಂದವರ ಕಾಲು ನೋಡಿ, ಅಲ್ಲಿಂದ ನಿಧಾನಕ್ಕೆ ಮೇಲೆ ಬಂದು, ಮುಖ ಮುಟ್ಟಿದ ಮೇಲೆ ನಗುತ್ತಿದ್ದ. ಜನರ ಹೆಸರು ಅವನ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. “ತ್ಯಾಗಲಿ ಕಡೆಯಂವ, ಎಡಗಾಲು ಹೆಬ್ಬೆರಳು ಓರೆ ಇದ್ದಲ, ಅಂವ” ಎಂದೇ ಹೇಳುತ್ತಿದ್ದ. ಕೇಳಿದವರಿಗೆ ಗುರುತು ಹತ್ತದಿದ್ದರೆ, ನೀವು ಮನುಷ್ಯರನ್ನು ಸರಿಯಾಗಿ ನೋಡುವುದೇ ಇಲ್ಲ ಎಂದು ಬೇಸರಪಡುತ್ತಿದ್ದ.

ಇದಕ್ಕೆ ಕಾರಣ ಅವನದೇ ಹೆಬ್ಬೆರಳು. ಬಸ್ಸಿನಲ್ಲಿ ಯಾರದೋ ಟ್ರಂಕು ಬಿದ್ದು ಜಖಂ ಆಗಿದ್ದ ಬಲಗಾಲಿನ ಉಗುರು, ಮತ್ತೆ ಬೆಳೆಯುವಾಗ ಅಂಚಿನಲ್ಲಿ ಮಾಂಸದೊಳಗೆ ಹೊಕ್ಕಿತು. ಅದರ ಮೇಲೆ ದಿನಾಲೂ ಪ್ರಯಾಣಿಕರ ತುಳಿತ. ಬಲಗಾಲಿನ ಬೂಟಿನ ಮುಂಭಾಗ ಕತ್ತರಿಸಿ, ಬೆರಳು ಹೊರಗಿಟ್ಟುಕೊಂಡು ಟಿಕೆಟ್ ಹರಿಯುತ್ತಿದ್ದ. ಅದೇ ಸಮಯಕ್ಕೆ ಯಾರೋ ಅವನಿಗೆ, ಉಗುರಿನ ನಟ್ಟನಡುವೆ ಒಂದು ಕಚ್ಚು ಹಾಕಿದರೆ ಅದು ಮಧ್ಯಕ್ಕೆ ಎಳೆದುಕೊಂಡು ಅಂಚಿನಿಂದ ಬಿಟ್ಟುಬರುತ್ತದೆ ಎಂದು ಹೇಳಿದರು. ಮಾವ ನಂಬಿದ. ನಂಬಿದ್ದನ್ನು ಒಬ್ಬನೇ ಇಟ್ಟುಕೊಳ್ಳುವ ಜಾತಿಯವನಲ್ಲ. ಒಂದು ವರ್ಷ ಆ ದಾರಿಯ ಅರ್ಧ ಜನ ಕಾಲುಗುರಿನ ನಡುವೆ ಕಚ್ಚು ಹಾಕಿಕೊಂಡು ಓಡಾಡಿದರು.

ಕೊನೆಗೆ ಸಿದ್ದಾಪುರದ ಒಬ್ಬ ಡಾಕ್ಟರು ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಹೊಕ್ಕ ಅಂಚಿನ ಪಟ್ಟಿಯನ್ನು ತೆಗೆದುಹಾಕಿದರು. ನಡುವಿನ ಕಚ್ಚು ನೋಡಿ, ಇದನ್ನು ಯಾವ ಪುಣ್ಯಾತ್ಮ ಕಲಿಸಿದ, ಉಗುರು ಬೆಳೆಯುವುದು ಬುಡದಿಂದ, ತುದಿಯಲ್ಲಿ ಏನು ಕೊರೆದರೂ ಅದಕ್ಕೆ ತಿಳಿಯುವುದಿಲ್ಲ ಎಂದು ನಕ್ಕರಂತೆ. ಗಾಯ ಮಾಗುತ್ತಲೇ ಮಾವ ಮಾಡಿದ ಮೊದಲ ಕೆಲಸ, ಹಂಚಿದ ಉಪದೇಶವನ್ನೆಲ್ಲ ವಾಪಸು ಪಡೆಯುವುದು. ಪ್ರತಿ ಸ್ಟಾಪಿನಲ್ಲಿ ಸೀಟಿ ಊದುವ ಮೊದಲು ಅದರ ಘೋಷಣೆ. ಮಾಗೋಡು ಕಡೆಗೆ ಹೋಗುವ ಒಬ್ಬ ಅಜ್ಜಿ ಇಳಿಯುತ್ತ ಇಳಿಯುತ್ತ, “ಆನು ಕೊರೆದಾತಲ ತಮಾ, ಈಗ ಎಂತ ಮಾಡದು?” ಎಂದು ಕೇಳಿದಳು. “ಬೆಳೆಯ ತನಕ ಸುಮ್ನಿರು, ಮತ್ತೆ ಕೊರೆಯಡ” ಎಂದ. ನಾನು ಅದೇ ಬಸ್ಸಿನಲ್ಲಿದ್ದೆ.

ಅಲ್ಲಿಂದ ಮುಂದೆ ಅವನ ಮಾತು ಒಂದೇ. “ಉಗುರು ಅಂದ್ರೆ ಬಾಗ್ಲು ಇದ್ದಾಂಗೆ, ಚೌಕ ಇರವು. ಮೂಲೆ ಕೊಯ್ದ್ರೆ ಅದು ಮಾಂಸದ ಒಳಗೆ ದಾರಿ ಹುಡ್ಕತು.” ಸ್ನಾನ ಮಾಡಿ ಉಗುರು ಮೆತ್ತಗಾದ ಮೇಲೆ, ನೇರವಾಗಿ, ಬುಡದವರೆಗೆ ಹೋಗದ ಹಾಗೆ ಕತ್ತರಿಸಬೇಕು. ಬೂಟಿನೊಳಗೆ ಬೆರಳುಗಳು ಆಡುವಷ್ಟು ಜಾಗ ಇರಬೇಕು. ಈ ಕೊನೆಯ ವಿಷಯದಲ್ಲಿ ಅವನು ಎಷ್ಟು ಗಂಭೀರನೆಂದರೆ, ಊಟದ ಮನೆಗಳ ಬಾಗಿಲಲ್ಲಿ ಬಿಟ್ಟ ಬೂಟುಗಳಲ್ಲಿ ಕೈ ಹಾಕಿ ಅಗಲ ನೋಡುತ್ತಿದ್ದ. ಒಂದು ಉಪನಯನದಲ್ಲಿ ಚಪ್ಪಲಿ ಕಳ್ಳನೆಂದು ಹಿಡಿದು ಕೂರಿಸಿದರು. ಹಿಡಿದವನ ಕಾಲ್ಬೆರಳು ನೋಡಿ, ಅದರ ನೋವಿಗೆ ಉಪಾಯ ಹೇಳಿಯೇ ಬಿಡಿಸಿಕೊಂಡು ಬಂದ.

ಇಂಥವನ ಮಗಳು ಸುಮಾಳಿಗೆ ಉಮ್ಮಚಗಿಯ ಗುರುಮೂರ್ತಿಯೊಂದಿಗೆ ಮದುವೆ ನಿಶ್ಚಯವಾಯಿತು. ಹುಡುಗ ಸಾಧು. ಮಾವ ಕಾಲು ನೋಡುತ್ತಾನೆಂಬ ಸುದ್ದಿ ಅವನಿಗೂ ಮುಟ್ಟಿತ್ತು. ಮದುವೆಯ ದಿನ ಕಾಲು ತೊಳೆಯುವಾಗ ಹತ್ತಿರದಿಂದ ನೋಡುತ್ತಾರಲ್ಲ, ಅಚ್ಚುಕಟ್ಟಾಗಿರಲಿ ಎಂದು ಅವನು ನಿಶ್ಚಯವಾದ ದಿನದಿಂದಲೇ ಹೆಬ್ಬೆರಳ ಉಗುರನ್ನು ಬಿಲ್ಲಿನಂತೆ ಬಾಗಿಸಿ, ಮೂಲೆಗಳನ್ನು ಆಳಕ್ಕೆ ತೆಗೆದು ತೆಗೆದು ನುಣ್ಣಗೆ ಮಾಡಿಕೊಂಡ.

ಮದುವೆಯ ದಿನ ವೇದಿಕೆಯ ಮೇಲೆ ಮಾವನ ಹೆಂಡತಿ ಸಾವಿತ್ರತ್ತೆ ಚೊಂಬಿನಿಂದ ನೀರು ಎರೆದಳು. ಮಾವ ಅಳಿಯನ ಪಾದ ಹಿಡಿದು ಹೆಬ್ಬೆರಳನ್ನು ಉಜ್ಜಿದ. ಗುರುಮೂರ್ತಿ ಕೂಗಿದ ಕೂಗಿಗೆ ಪುರೋಹಿತ ರಾಮಣ್ಣ ಭಟ್ಟರ ಮಂತ್ರ ನಿಂತುಹೋಯಿತು. ಮಾವ ಪಾದ ಬಿಡಲಿಲ್ಲ. ಕನ್ನಡಕ ಕೆಳಗಿಳಿಸಿ ಹೆಬ್ಬೆರಳನ್ನು ಹತ್ತಿರ ತಂದುಕೊಂಡ.

“ತಮಾ, ಮೂಲೆ ಕೊಯ್ದಿದ್ಯಾ?”

“ನಿಂಗ ನೋಡ್ತ್ರಿ ಹೇಳಿ ಚೊಲೋ ಮಾಡ್ಕಂಡು ಬಂದೆ, ಮಾವ.”

ಮಾವ ಹೆಂಡತಿಯ ಕಡೆ ತಿರುಗಿ, ಅಡುಗೆಯವರ ಹತ್ತಿರ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿಸಿ ತರಲು ಹೇಳಿದ. ಭಟ್ಟರು ಗಡಿಯಾರ ನೋಡಿಕೊಂಡರು. ಮುಹೂರ್ತ ಹತ್ತಿರ ಬಂತು, ವರನೆಂದರೆ ಈಗ ಸಾಕ್ಷಾತ್ ವಿಷ್ಣು, ಆ ಪಾದವನ್ನು ತೊಳೆಯಬೇಕೇ ಹೊರತು ಪರೀಕ್ಷಿಸಬಾರದು ಎಂದರು.

“ವಿಷ್ಣು ಕಾಲು ಒತ್ತಲೆ ಎನ್ನ ಮಗಳನ್ನೇ ಕಳಿಸ್ತಾ ಇದ್ದೆ ಭಟ್ರೆ, ಆನು ನೋಡದೆ ಮತ್ಯಾರು ನೋಡವು? ಕೀವು ಇಲ್ಲೆ, ಕೆಂಪಾಯ್ದು ಅಷ್ಟೇಯ. ಕೀವಿದ್ರೆ ಸೀದಾ ಡಾಕ್ಟ್ರ ಹತ್ರ ಕಳಿಸ್ತಿದ್ದೆ.”

“ಧಾರೆ ಬಿಟ್ಟು?”

“ಧಾರೆ ಬಿಟ್ಟು.”

ಈ ಮಾತು ಕೇಳಿ ವರನ ತಂದೆ ಹೆಗಡೇರು ಮಗನ ಪಕ್ಕದ ಕುರ್ಚಿಯಿಂದ ಎದ್ದರು. ಮಗನನ್ನು ಕರೆತಂದದ್ದು ಮದುವೆಗೆ, ದನದ ಪೇಟೆಯಲ್ಲಿ ಗೊರಸು ತೋರಿಸಲಿಕ್ಕಲ್ಲ ಎಂದರು. ಅವರ ದನಿ ಎತ್ತರವಾಗಿರಲಿಲ್ಲ, ಹೆದರಿಕೆಯಾದದ್ದು ಅದಕ್ಕೇ. “ಏಳೋ ಗುರು” ಎಂದರು. ಗುರು ಅರ್ಧ ಎದ್ದ. ಪಕ್ಕದ ಕೋಣೆಯ ಬಾಗಿಲಲ್ಲಿ ಹಾರ ಹಿಡಿದು ನಿಂತಿದ್ದ ಸುಮಾಳ ಮುಖ ನನಗೆ ಕಾಣುತ್ತಿತ್ತು. ಉಪ್ಪುನೀರಿನ ತಾಮ್ರದ ಪಾತ್ರೆ ಹಿಡಿದು ಬಂದ ಅತ್ತೆ ಮೆಟ್ಟಿಲಲ್ಲೇ ನಿಂತಳು. ನನ್ನ ಕೈಯಲ್ಲಿದ್ದ ಪಂಚೆ ಹರಿವಾಣದ ನೀರಿಗೆ ಬಿತ್ತು.

ಮಾವ ಬೀಗರ ಮುಖ ನೋಡಲಿಲ್ಲ. ಅವರ ಕಾಲು ನೋಡುತ್ತಿದ್ದ.

“ಭಾವಾ,” ಎಂದ. ಬೀಗರನ್ನು ಹಾಗೆ ಕರೆಯುವುದು ನಮ್ಮಲ್ಲಿ ರೂಢಿ. “ನಿಂಗ ಹಿಮ್ಮಡಿ ಮೇಲೆ ನಿಂತ್ರಿ. ನಿಂಗಕ್ಕೂ ಇದ್ದು.”

ಹೆಗಡೇರು ಕಾಲನ್ನು ಪಂಚೆಯ ಅಂಚಿನ ಹಿಂದಕ್ಕೆ ಎಳೆದುಕೊಂಡರು.

“ಯಾವಾಗಿಂದ?”

ಅವರು ಸುತ್ತ ಒಮ್ಮೆ ನೋಡಿ, ತೀರ ಮೆತ್ತಗೆ, “ಸಣ್ಣಿದ್ದಾಗಿಂದ” ಎಂದರು.

“ಹಂಗಾರೆ ಮಾಣಿದು ಪೂರ್ತಿ ತಪ್ಪಲ್ಲ. ಬಾಗು ಉಗುರು ನಿಂಗಳ ಮನೆತನದ್ದು. ಕೂತ್ಗಳಿ. ನೀರು ಇಬ್ರಿಗೂ ಸಾಕು.”

ಹೆಗಡೇರು ಕೂತರು. ಕೂತು, ಉಟ್ಟ ಪಂಚೆ ಎತ್ತಿಕೊಂಡು, ಅತ್ತೆ ತಂದಿಟ್ಟ ಪಾತ್ರೆಗೆ ಮಗನ ಕಾಲಿನ ಪಕ್ಕದಲ್ಲಿ ತಮ್ಮ ಕಾಲನ್ನೂ ಇಳಿಸಿದರು. ಯಾವ ರಾಗ ನುಡಿಸಬೇಕೆಂದು ತಿಳಿಯದೆ ವಾದ್ಯದವರು ಎಲ್ಲವನ್ನೂ ನುಡಿಸಿದರು. ಹಿಂದಿನ ಸಾಲಿನ ಹೆಂಗಸರು, ಉಮ್ಮಚಗಿ ಕಡೆ ವರನ ಅಪ್ಪನ ಕಾಲನ್ನೂ ತೊಳೆಯುವ ಪದ್ಧತಿ ಇದೆಯೇನೋ, ಚೆನ್ನಾಗಿದೆ ಎಂದುಕೊಂಡರು. ಕಾಲು ನೆಂದ ಮೇಲೆ ಮಾವ ಭಟ್ಟರ ಸಂಚಿಯಿಂದ ಬತ್ತಿಯ ಹತ್ತಿ ತೆಗೆಸಿ, ಎಳೆಯಾಗಿ ಹೊಸೆದು, ಗುರುವಿನ ಉಗುರಿನ ಮೂಲೆಯನ್ನು ನಾಜೂಕಾಗಿ ಎತ್ತಿ ಅಡಿಗೆ ಸೇರಿಸಿದ. ದಿನಾ ಸ್ನಾನವಾದ ಮೇಲೆ ಹತ್ತಿ ಬದಲಿಸಬೇಕು, ಕತ್ತರಿ ಮುಟ್ಟಬಾರದು, ಕೆಂಪು ಇಳಿಯದಿದ್ದರೆ ಡಾಕ್ಟರಲ್ಲಿಗೆ ಹೋಗಬೇಕು ಎಂದು ಅಲ್ಲೇ ಹೇಳಿ, ಆಮೇಲೆ ಮಗಳನ್ನು ಕರೆಸಿದ. ಧಾರೆಯಾಯಿತು. ಗುರು ಸಪ್ತಪದಿಯನ್ನು ಕಾಲಿನ ಹೊರಅಂಚಿನ ಮೇಲೆ ನಡೆದ. ಆದರೆ ನಡೆದ.

ನಾನು ಮಾವನನ್ನು ಕೊನೆಯ ಸಲ ನೋಡಿದ್ದು ಹತ್ತು ವರ್ಷದ ನಂತರ, ಯಲ್ಲಾಪುರದಲ್ಲಿ ಮಗಳ ಮನೆಯ ಜಗುಲಿಯಲ್ಲಿ. ಸೊಂಟ ಬಗ್ಗುತ್ತಿರಲಿಲ್ಲ. ಅಳಿಯ ಕೆಳಗೆ ಕುಳಿತು ಅವನ ಕಾಲುಗುರು ತೆಗೆಯುತ್ತಿದ್ದ. ಮಾವ ಮೇಲಿಂದ “ನೇರ, ನೇರ” ಎನ್ನುತ್ತಿದ್ದ. ನನ್ನ ಕಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಬೆಳಕು ಸಾಲದು, ಮುಂದಿನ ಸಲ ಬಂದಾಗ ನೋಡುತ್ತೇನೆ ಎಂದ. ಮುಂದಿನ ಸಲ ನಾನು ಹೋದದ್ದು ಅವನ ಹದಿಮೂರನೆಯ ದಿನಕ್ಕೆ.

ಹೆಗಡೇರೂ ಈಗಿಲ್ಲ. ಅಂದು ವೇದಿಕೆಯ ಮೇಲೆ ಎಲ್ಲವನ್ನೂ ಕಂಡವರಲ್ಲಿ ಇಂದು ಉಳಿದವರು ಸಾವಿತ್ರತ್ತೆ, ಗುರು, ರಾಮಣ್ಣ ಭಟ್ಟರು ಮತ್ತು ನಾನು. ಬಾಗಿಲಿನಿಂದ ಕಂಡವಳು ಸುಮಾ. ಮುಹೂರ್ತ ಮೀರಿರಲಿಲ್ಲ ಎಂದೇ ಭಟ್ಟರು ಈಗಲೂ ಹೇಳುತ್ತಾರೆ. ಗುರು ಮತ್ತು ಸುಮಾ ಚೆನ್ನಾಗಿದ್ದಾರೆ, ಆದ್ದರಿಂದ ಹೇಳಬಹುದು. ಭಟ್ಟರ ಕೈಗಡಿಯಾರ ನನಗೆ ಕಾಣುತ್ತಿತ್ತು. ಮೀರಿತ್ತು.